ಹಳದಿ ತಂತಿಯ ಸಾಕ್ಷಿ

ಇಸಾಬೆಕ್ ಬಗ್ಗಿ ಕಾರಿನ ಬಲಬದಿಯ ಮ್ಯಾಟಿಗೆ ಕೈ ಹಾಕಿದ.

"ಅಲ್ಲೇನ್ ಹುಡುಕ್ತೀಯ?" ಬೆನ್ನ ಹಿಂದಿನಿಂದ ಕಾಸಿಮ್‌ನ ದನಿ ಬಂತು. "ಮಗನಿಗೊಂದು ನೆಪ ಸಿಗುತ್ತಾ ಅಂತಾನಾ?"

ಯಾವ ಕಾರು ಬಂದರೂ ಇಸಾಬೆಕ್ ಮೊದಲು ಎತ್ತಿ ನೋಡುವುದು ಆ ಮ್ಯಾಟನ್ನೇ. ಇಪ್ಪತ್ತೆರಡು ವರ್ಷದ ರೂಢಿ. ಇವತ್ತು ಕೈ ಹಿಂದೆಗೆದ.

ತೊಕ್ಮೊಕ್ ಊರಿನಲ್ಲಿ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟಿನ ದೋಷ ಓದುವ ಯಂತ್ರವಿದ್ದದ್ದು ಅವನೊಬ್ಬನ ಬಳಿ. ಹಾಗಾಗಿ ಪೊಲೀಸರು ಕಾರನ್ನು ಅವನ ಗ್ಯಾರೇಜಿಗೇ ತಂದಿದ್ದರು. ಕಾರು ಕಾಸಿಮ್‌ನ ಮಗ ಎರ್ಮೆಕ್‌ನದು. ಕೊಂಡು ಆರು ದಿನವಾಗಿತ್ತು. ಬೋಮ್ ಕಣಿವೆಯಲ್ಲಿ ಬಂಡೆಗೆ ಗುದ್ದಿ, ಮೂರು ಸುತ್ತು ಉರುಳಿತು. ಲಾರಿಯವರು ಬರುವಷ್ಟರಲ್ಲಿ ಎರ್ಮೆಕ್ ರಸ್ತೆಯ ಮೇಲೆ ಸತ್ತುಬಿದ್ದಿದ್ದ. ಇಸಾಬೆಕ್‌ನ ಮಗ ತಿಲೆಕ್ ತೆವಳಿ ಹೊರಗೆ ಬಂದಿದ್ದ. ಯಾರು ಎಲ್ಲಿ ಕೂತಿದ್ದರೆಂದು ಕಂಡವರಿಲ್ಲ.

ಓಡಿಸುತ್ತಿದ್ದದ್ದು ಸತ್ತವನಾದರೆ ಕಡತ ಮುಚ್ಚುತ್ತದೆ. ಬದುಕಿದವನಾದರೆ ಏಳು ವರ್ಷ ಸೆರೆ.

"ನಾನು ಪಕ್ಕದ ಸೀಟಲ್ಲಿ ನಿದ್ದೆ ಮಾಡ್ತಿದ್ದೆ ಅಪ್ಪ. ಬೆಲ್ಟ್ ಹಾಕ್ಕೊಂಡು," ಎಂದಿದ್ದ ತಿಲೆಕ್. ಈಗ ಬಾಗಿಲ ಹತ್ತಿರ ನಿಂತಿದ್ದ. ಬಲ ಹೆಗಲ ಮೂಳೆ ಮುರಿದು ಕೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಜೋತುಬಿದ್ದಿತ್ತು.

"ಎರ್ಮೆಕ್ ಬೆಲ್ಟ್ ಹಾಕ್ತಿದ್ನಾ?" ಕಡತ ಹಿಡಿದು ನಿಂತಿದ್ದ ಪೊಲೀಸ್ ತನಿಖಾಧಿಕಾರಿ ಕೇಳಿದಳು.

"ಅವನಾ? ಬೆಲ್ಟ್ ಹಾಕಿದ್ರೆ ಹುಡುಗೀರು ನಗ್ತಾರೆ ಅಂತಿದ್ದ," ಎಂದ ಕಾಸಿಮ್. ಹೇಳಿ ಮುಖ ತಿರುಗಿಸಿಕೊಂಡ.

ಠಾಣೆಯ ಅಂಗಳದಲ್ಲಿ ಎರಡು ರಾತ್ರಿ ನಿಂತಿದ್ದಷ್ಟರಲ್ಲಿ ಕಾರಿನ ಸೀಟು, ಬೆಲ್ಟು, ರೇಡಿಯೊ ಎಲ್ಲ ಕಳುವಾಗಿದ್ದವು. ಆ ದೇಶದ ರೂಢಿಯಂತೆ ಎಡಗಡೆಯಿದ್ದ ಸ್ಟೀರಿಂಗ್ ಚಕ್ರ ಬರಿಯ ತಗಡಿನ ಮೇಲೆ ಬಾಗಿತ್ತು. ಮುಂಗಾಜಿನ ವೈಪರುಗಳು ಎಂದಿನ ದಿಕ್ಕಿಗೆ ವಿರುದ್ಧವಾಗಿ ಮಲಗಿದ್ದವು. ಉರುಳಿದ ಕಾರಿನಲ್ಲಿ ಯಾವುದು ತಾನೇ ನೆಟ್ಟಗಿರುತ್ತದೆ. ಕಳ್ಳರಿಗೆ ಬೇಡವಾದದ್ದು ಒಂದೇ: ನಡುವೆ, ಗೇರಿನ ಕೆಳಗೆ ಕೂತಿದ್ದ ನಿಯಂತ್ರಣ ಪೆಟ್ಟಿಗೆ. ಢಿಕ್ಕಿಯ ಕ್ಷಣವನ್ನು ಅದು ಮರೆಯುವುದಿಲ್ಲ.

ಇಸಾಬೆಕ್ ತಂತಿಗಳನ್ನು ಒಂದೊಂದಾಗಿ ಅಳೆದ. ಏರ್‌ಬ್ಯಾಗ್ ಎರಡೂ ಇರಲಿಲ್ಲ. ಅವುಗಳ ಜಾಗದಲ್ಲಿ ಯಾರೋ ಎರಡು ಓಮ್‌ನ ರೆಸಿಸ್ಟರ್ ಬೆಸೆದು, ಎಚ್ಚರಿಕೆಯ ದೀಪ ಹೊತ್ತದಂತೆ ಮಾಡಿದ್ದರು. ಹಳೆ ಕಾರಿನ ವ್ಯಾಪಾರಿಗಳ ಮೋಸ. ಇಂಥದ್ದನ್ನು ಅವನು ನೂರಾರು ಕಂಡಿದ್ದ.

"ಅಂದ್ರೆ ಪೆಟ್ಟಿಗೇನೂ ಸುಳ್ಳು ಹೇಳಬಹುದಾ?" ತನಿಖಾಧಿಕಾರಿ ಕೇಳಿದಳು.

"ಏರ್‌ಬ್ಯಾಗಿನ ವಿಷಯಕ್ಕೆ ಹೇಳುತ್ತೆ. ಬೆಲ್ಟಿನ ತಂತಿ ನೋಡಿ, ಹಳದಿ. ಕಾರ್ಖಾನೆಯಿಂದ ಬಂದ ಹಾಗೇ ಇದೆ. ಯಾರೂ ಕೈ ಹಚ್ಚಿಲ್ಲ."

ಢಿಕ್ಕಿಯಾದಾಗ ಸಿಡಿದು ಬೆಲ್ಟನ್ನು ಎದೆಗೆ ಬಿಗಿಯುವ ಪುಟ್ಟ ಸಿಡಿಮದ್ದು ಪ್ರತಿ ಸೀಟಿಗೂ ಒಂದಿರುತ್ತದೆ. ಈ ಕಾರಿನಲ್ಲಿ ಬೆಲ್ಟ್ ಹಾಕಿಕೊಂಡವನದ್ದು ಮಾತ್ರ ಸಿಡಿಯುತ್ತದೆ. ಇಸಾಬೆಕ್ ಯಂತ್ರ ಜೋಡಿಸಿದ. ಪರದೆಯ ಮೇಲೆ ಎರಡು ಸಾಲು ಮೂಡಿದವು. ಅವನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ.

"ಜೋರಾಗಿ ಓದಿ," ಎಂದಳು ತನಿಖಾಧಿಕಾರಿ.

ಯಂತ್ರ ಕೆಟ್ಟಿದೆ ಎನ್ನಬಹುದಿತ್ತು. ಪೆಟ್ಟಿಗೆಯ ನೆನಪು ಅಳಿಸಿಹೋಗಿದೆ ಎನ್ನಬಹುದಿತ್ತು. ಕಾಸಿಮ್ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಚಾಲಕನ ಬೆಲ್ಟ್, ಹಾಕಿತ್ತು, ಸಿಡಿದಿದೆ," ಎಂದ ಇಸಾಬೆಕ್. "ಪಕ್ಕದವನ ಬೆಲ್ಟ್, ಹಾಕಿರಲಿಲ್ಲ, ಸಿಡಿದಿಲ್ಲ."

ತಿಲೆಕ್ ತಂದೆಯ ಹತ್ತಿರ ಬಂದ. "ಅಪ್ಪ, ನನ್ ಮುಖ ನೋಡು. ನಾನು ಓಡಿಸ್ಲಿಲ್ಲ."

"ತಂತಿಗೆ ನಿನ್ನ ಮೇಲೆ ದ್ವೇಷ ಇಲ್ಲ ಕಣೋ."

ತಿಲೆಕ್ ತನಿಖಾಧಿಕಾರಿಯ ಕಡೆ ತಿರುಗಿದ. "ಬರ್ಕೊಳ್ಳಿ. ನಾನೇ ಓಡಿಸ್ತಿದ್ದೆ ಅಂತಾನೇ ಬರ್ಕೊಳ್ಳಿ. ಅಪ್ಪನ ಮಿಶನ್ನಿಗಿಂತ ನಾನು ದೊಡ್ಡೋನಾ?"

ಹೇಳಿಕೆಗೆ ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದ. ಇಸಾಬೆಕ್ ತನ್ನ ಸಹಿಯನ್ನು ಅದರ ಕೆಳಗೆ ನೆಟ್ಟಗೆ ಹಾಕಿದ.

ಊರು ಅವನನ್ನು ಹೊಗಳಿತು. ಮಗನೆಂದೂ ನೋಡದ ಮನುಷ್ಯ ಎಂದಿತು. ಇಸಾಬೆಕ್ ಮಗನನ್ನು ನೋಡಲು ಮೂರು ಸಲ ಸೆರೆಮನೆಗೆ ಹೋದ. ತಿಲೆಕ್ ಭೇಟಿಗೆ ಬರಲಿಲ್ಲ. ಕಳಿಸಿದ ಬೆಣ್ಣೆ, ಒಣ ಏಪ್ರಿಕಾಟು ಹಾಗೇ ವಾಪಸಾದವು. ಎರಡನೇ ಚಳಿಗಾಲದಲ್ಲಿ ತಿಲೆಕ್‌ಗೆ ಕ್ಷಯ ಹಿಡಿಯಿತು. ಫೆಬ್ರವರಿಯಲ್ಲಿ ಶವ ಬಂತು.

ನಲವತ್ತನೇ ದಿನದ ಊಟಕ್ಕೆ ಕಾಸಿಮ್ ಬಂದ. ಬೋರ್ಸೊಕ್ ಎಂಬ ಕರಿದ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟ. ಹೊರಡುವಾಗ ಕಾರಿನ ಕೀಲಿಯನ್ನು ಮೇಜಿನ ಮೇಲೆ ಇಟ್ಟ.

"ನನ್ನ ಅಂಗಳದಲ್ಲಿ ಅದನ್ನ ನೋಡೋಕೆ ಆಗ್ತಿಲ್ಲ ಇಸಾಬೆಕ್. ನೀನೇ ಕಡಿದುಹಾಕು. ಇಬ್ರೂ ಹೋದ್ರಲ್ಲ."

ಮರುದಿನ ಇಸಾಬೆಕ್ ಕಾರನ್ನು ಎಳೆತಂದು ಒಂದೊಂದೇ ಭಾಗ ಬಿಚ್ಚತೊಡಗಿದ. ಬಾಗಿಲು ತೆಗೆದ, ಗಾಜು ತೆಗೆದ. ಈಗ ನೆಪ ಹುಡುಕುತ್ತೀಯ ಎನ್ನುವವರು ಯಾರೂ ಇರಲಿಲ್ಲ. ಬಲಬದಿಯ ಮ್ಯಾಟನ್ನು ಎತ್ತಿದ.

ಕೆಳಗಿನ ತಗಡಿನಲ್ಲಿ ನಾಲ್ಕು ರಂಧ್ರಗಳಿದ್ದವು. ಬೆಸುಗೆ ಹಾಕಿ ಮುಚ್ಚಿ, ಮೇಲೆ ಬಣ್ಣ ಬಳಿದಿದ್ದರು. ಬ್ರೇಕು, ಆಕ್ಸಿಲರೇಟರ್ ಪೆಡಲುಗಳು ಇದ್ದ ಜಾಗ.

ಕಾರು ಜಪಾನಿನದು. ಅಲ್ಲಿ ಚಾಲಕ ಕೂರುವುದು ಬಲಕ್ಕೆ. ಯಾವುದೋ ಶೆಡ್ಡಿನಲ್ಲಿ ಸ್ಟೀರಿಂಗನ್ನು ಎಡಕ್ಕೆ ದಾಟಿಸಿ, ಏರ್‌ಬ್ಯಾಗ್ ಕಿತ್ತು, ರೆಸಿಸ್ಟರ್ ಬೆಸೆದು ಮಾರಿದ್ದರು. ಹಳದಿ ತಂತಿಯನ್ನು ಮುಟ್ಟಿರಲಿಲ್ಲ. ಆದ್ದರಿಂದ ಪೆಟ್ಟಿಗೆಯ ಲೆಕ್ಕದಲ್ಲಿ ಚಾಲಕನೆಂದರೆ ಕೊನೆಯವರೆಗೂ ಬಲಗಡೆ ಕೂತವನೇ.

ಇಸಾಬೆಕ್ ಬಲಬದಿಯ ಬರಿ ತಗಡಿನ ಮೇಲೆ ಕೂತ. ಇಲ್ಲದ ಬೆಲ್ಟನ್ನು ಎಳೆದುಕೊಳ್ಳಲು ಬಾಗಿಲ ಪಕ್ಕದ ಕಂಬದ ಕಡೆ ಕೈ ಚಾಚಿ, ಎದೆಯ ಮೇಲೆ ತಂದ. ಅದು ಹಾದುಹೋದದ್ದು ಬಲ ಹೆಗಲ ಮೇಲೆ. ಆ ಹೆಗಲು ಮುರಿದಿದ್ದಕ್ಕೇ ತಿಲೆಕ್ ಎಡಗೈಯಲ್ಲಿ ಸಹಿ ಹಾಕಿದ್ದ.