ಕಂಪನಿಯ ಸಾಕ್ಷಿ

“ಕಾರಿನ ಒಳ್ಳೆ ಪಂಪ್ ತೆಗ್ದ್ ಯಾರಿಗ್ ಮಾರಿದೆ? ಹೇಳ್, ಯಾರಿಗ್ ಮಾರಿದೆ?”

ಪ್ರೇಮಾನಂದ ಕೇಳುತ್ತಿದ್ದುದು ತಂಗಿ ರತ್ನಳ ಗಂಡ ಚೆನ್ನಯ್ಯನನ್ನು. ಅಮ್ಮನ ಉತ್ತರಕ್ರಿಯೆಯ ಬೊಜ್ಜ ಮುಗಿದು ಇನ್ನೂ ಎರಡು ದಿನ ಆಗಿರಲಿಲ್ಲ. ಅಂಗಳದ ಚಪ್ಪರ ಬಿಚ್ಚಿರಲಿಲ್ಲ. ಹಾಲಾಡಿಯಲ್ಲಿ ಗ್ಯಾರೇಜು ಇಟ್ಟುಕೊಂಡ ಚೆನ್ನಯ್ಯನನ್ನು ಇಪ್ಪತ್ತು ವರ್ಷ ‘ಭಾವ, ನೀವು’ ಎಂದೇ ಕರೆದ ಬಾಯಿ, ಆ ದಿನ ನಾಲ್ಕು ಜನರೆದುರು ‘ನೀನು’ ಎಂದುಬಿಟ್ಟಿತು.

“ನಾನ್ ಪಂಪ್ ಬಿಚ್ಚಿ ತೊಳ್ದ್ ಹಾಕ್ದದ್ ಬಿಟ್ರೆ ಎಂತದೂ ಮಾಡ್ಲಿಲ್ಲ, ಭಾವ,” ಎಂದ ಚೆನ್ನಯ್ಯ. “ಓಡು ಗಾಡಿ ಹಾಂಗೇ ನಿಲ್ಲುದ್ ಅಂದ್ರೆ ಅದ್ ಕಂಪನಿದೇ ದೋಷ ಇಕ್ಕ್. ಚಾಸಿ ನಂಬರ್ ಹಾಕಿ ಕಂಪ್ಯೂಟರಂಗೆ ಒಂದ್ಸಲ ಕಾಣಿ ಅಂದೇಳಿ ಆಗ್ಳೇ ಹೇಳಿದ್ದೆ.”

“ನೀ ಕದ್ದದ್ ಕಂಪ್ಯೂಟರಂಗೆ ಕಾಣತ್ತಾ? ನಾಳೆ ಹಾಯ್ಗುಳಿ ದೈವದ ಗುಡಿಗೆ ಬಾ. ಅಲ್ಲ್ ಹೇಳ್.”

ಪ್ರೇಮಾನಂದನ ಸಿಟ್ಟಿಗೂ ಕಾರಣವಿತ್ತು. ಮುಂಬಯಿಯ ಹೋಟೆಲಿನವರೊಬ್ಬರಿಂದ ಕೊಂಡ ಕಾರು ಅದು. ಎರಡು ಸಲ ರಸ್ತೆ ಮಧ್ಯೆ ನಿಂತಾಗ ಚೆನ್ನಯ್ಯನೇ ಸರಿ ಮಾಡಿಕೊಟ್ಟಿದ್ದ. ಮೂರನೇ ಸಲ ನಿಂತದ್ದು ಎದೆನೋವಿನ ಅಮ್ಮನನ್ನು ಆಸ್ಪತ್ರೆಗೆ ಒಯ್ಯುವಾಗ. ಇನ್ನೊಂದು ಗಾಡಿ ಸಿಗಲು ಅರ್ಧ ಗಂಟೆ ಹೋಯಿತು. “ಸ್ವಲ್ಪ ಮೊದಲು ಬಂದಿದ್ದರೆ...” ಎಂದು ಡಾಕ್ಟರು ಮಾತು ಅರ್ಧಕ್ಕೇ ಬಿಟ್ಟರು. ಆಮೇಲೆ ಬ್ರಹ್ಮಾವರದ ಬೇರೊಂದು ಗ್ಯಾರೇಜಿನವನು “ಈ ಪಂಪ್ ಒಳ್ಳೇದಲ್ಲ” ಎಂದ. ಚೆನ್ನಯ್ಯ ಒಳ್ಳೇದನ್ನು ತೆಗೆದು ಹಾಳಾದದ್ದನ್ನು ಹಾಕಿದ ಎನ್ನಲು ಅಷ್ಟು ಸಾಕಾಯಿತು.

ಚೆನ್ನಯ್ಯ ಮರುದಿನ ಮಿಂದು, ಒದ್ದೆ ಪಂಚೆಯಲ್ಲೇ ಗುಡಿಯ ಮೆಟ್ಟಿಲು ಮುಟ್ಟಿ, ತಾನು ಪಂಪ್ ಬದಲಿಸಿಲ್ಲವೆಂದು ಆಣೆ ಇಟ್ಟ. ಆಣೆ ಬಿದ್ದ ಮೇಲೆ ಆ ಎರಡು ಮನೆಯವರು ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯುವಂತಿಲ್ಲ. ಇಬ್ಬರೂ ಒಟ್ಟಿಗೆ ಗುಡಿಗೆ ಹೋಗಿ ಆಣೆ ಬಿಡಿಸಿಕೊಂಡರೆ ಮಾತ್ರ ಮತ್ತೆ ಹೋಗಿಬರುವುದು ಉಂಟು. ತಾಯಿ ಹೋದ ತಿಂಗಳಲ್ಲೇ ರತ್ನಳಿಗೆ ತವರೂ ಹೋಯಿತು. ಪ್ರೇಮಾನಂದ ಅಲ್ಲಿಗೂ ಸುಮ್ಮನಾಗಲಿಲ್ಲ. “ಆಣೆಗೆಲ್ಲ ಹೆದ್ರು ಜನ ಅಲ್ಲ ಅವ” ಎಂದು ತನ್ನ ತೆಂಗಿನಕಾಯಿ ಮಂಡಿಗೆ ಬಂದವರಿಗೆಲ್ಲ ಹೇಳಿದ.

ಅಮ್ಮನ ವರ್ಷದ ತಿಥಿಗೆ ರತ್ನ ಬರಲಿಲ್ಲ.

ಟಾರ್ಪಾಲು ಹೊದ್ದು ಕೊಟ್ಟಿಗೆಯಲ್ಲಿ ಬಿದ್ದಿದ್ದ ಕಾರನ್ನು ಮಾರಿಬಿಡೋಣ ಅಂತ ಪ್ರೇಮಾನಂದ ಹೊರಟದ್ದು ಆ ತಿಥಿಯ ಮರುವಾರ. ನೋಡಲು ಬಂದವರು ಕುಂದಾಪುರದ ಟೀಚರ್ ಸ್ನೇಹಲತಾ. ಅವರು ಬಣ್ಣ ನೋಡಲಿಲ್ಲ, ಟಯರು ನೋಡಲಿಲ್ಲ. ಬಾನೆಟ್ ಎತ್ತಿಸಿ ಚಾಸಿ ನಂಬರ್ ಓದಿ ಮೊಬೈಲಿನಲ್ಲಿ ಒತ್ತಿದರು.

“ಇದಕ್ಕೆ ಕಂಪನಿಯವರ ನೋಟೀಸ್ ಇತ್ತಲ್ದಾ? ಈ ನಂಬ್ರದ ಗಾಡಿಗಳ ಪಂಪೇ ಸರಿ ಇಲ್ಲೆ ಅಂಬ್ರ್. ವಾಪಸ್ ತಂದ್ರೆ ಪುಕ್ಕಟೆ ಬದಲ್ಸಿ ಕೊಡ್ತ್ರಂಬ್ರ್. ನಿಮ್ಗೆ ಕಾಗ್ದ ಬರ್ಲಿಲ್ಲ್ಯಾ?”

ಕಾಗದ ಬಂದಿದ್ದರೂ ಮುಂಬಯಿಯ ಹಳೇ ಮಾಲೀಕರ ವಿಳಾಸಕ್ಕೆ ಹೋಗಿರಬೇಕು. ಪ್ರೇಮಾನಂದ ಮೊಬೈಲನ್ನು ಕೈಯಲ್ಲಿ ಹಿಡಿದು ನೋಟೀಸಿನ ತಾರೀಕು ನೋಡಿದ. ಅಮ್ಮ ಸಾಯುವುದಕ್ಕೆ ಎಂಟು ತಿಂಗಳು ಮೊದಲಿನದು.

ಆ ನೋಟೀಸನ್ನು ಕಾಗದದ ಮೇಲೆ ತೆಗೆಸಿಕೊಂಡು ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಹಾಲಾಡಿಗೆ ಹೋದ. ಚೆನ್ನಯ್ಯ ಒಂದು ಜೀಪಿನಡಿಯಿಂದ ಎದ್ದು ಬಂದು, ಕಾಗದಕ್ಕೆ ಗ್ರೀಸು ತಾಗದಂತೆ ಅಂಚು ಹಿಡಿದು, ಪೂರ್ತಿ ಓದಿ ತಿರುಗಿ ಕೊಟ್ಟ.

“ಹೌದ್. ಇದೇ ದೋಷ,” ಎಂದ.

“ಭಾವ, ನಂದ್ ತಪ್ಪಾಯ್ತ್. ನಾಳೆಯೇ ಗುಡಿಗೆ ಹೋಪ. ಆಣೆ ಬಿಡ್ಸ್ಕಂಡ್ ಬಪ್ಪ. ರತ್ನ ಮನಿಗೆ ಬರ್ಲಿ.”

“ಬಿಡ್ಸೂಕೆ ಎಂತ ಇತ್ತ್? ನಾನ್ ಸುಳ್ಳ್ ಆಣೆ ಇಟ್ಟಿದ್ನಾ?”

“ಅಲ್ಲ ಅಂದೇಳಿ ಈಗ ನಂಗ್ ಗೊತ್ತಾಯ್ತಲೆ. ಈ ಕಾಗ್ದ ಕಂಡ್ ಮೇಲೆ ನಂಬ್ಕಿ ಬಂತ್.”

ಚೆನ್ನಯ್ಯ ಸ್ವರ ಏರಿಸಲಿಲ್ಲ.

“ನಾನ್ ಹೇಳ್ದೆ, ನಂಬ್ಲಿಲ್ಲ. ದೈವದ ಎದ್ರ್ ಹೇಳ್ದೆ, ಆಗ್ಳೂ ನಂಬ್ಲಿಲ್ಲ. ಕಂಪನಿ ಹೇಳ್ತ್, ನಂಬಿದ್ರಿ. ನಾಳೆ ಕಂಪನಿಯವ್ರ್ ಈ ಕಾಗ್ದ ತಪ್ಪಾಯ್ತ್ ಅಂದ್ರೆ, ನಾನ್ ಮತ್ತೆ ಕಳ್ಳನಾ ಭಾವ?”

ಚೆನ್ನಯ್ಯ ಹಳೇ ಬಟ್ಟೆಯಲ್ಲಿ ಕೈ ಒರೆಸಿ, ಚಪ್ಪಲಿ ಮೆಟ್ಟಿ, ಪೇಟೆಯ ಕಡೆ ನಡೆದ. ಚಾ ಕುಡಿಯಲು ಹೋದನೇನೋ ಎಂದುಕೊಂಡು ಪ್ರೇಮಾನಂದ ಒಂದು ಹಳೇ ಸೀಟಿನ ಮೇಲೆ ಕೂತ. ತಿರುಗಿ ಹೋಗಲು ಹತ್ತಬೇಕಾದ ಬ್ರಹ್ಮಾವರದ ಬಸ್ಸು ಒಂದು ಹೋಯಿತು. ಇನ್ನೊಂದೂ ಹೋಯಿತು. ಜೀಪಿನವನು ಬಂದು, ಚೆನ್ನಯ್ಯ ಇಲ್ಲದ್ದು ನೋಡಿ, ತಿರುಗಿ ಹೋದ.

ಮಧ್ಯಾಹ್ನ ಹಿಂದಿನ ಮನೆಯಿಂದ ರತ್ನ ಬಂದಳು. ಅಣ್ಣನ ಕೈಯಲ್ಲಿದ್ದ ಕಾಗದವನ್ನು ನೋಡಿದಳು, ಏನೆಂದು ಕೇಳಲಿಲ್ಲ. ನೆಲದ ಮೇಲಿದ್ದ ಪಾನಾ, ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಹೆಕ್ಕಿ ಪೆಟ್ಟಿಗೆಗೆ ಹಾಕಿ, ಶಟರನ್ನು ಅರ್ಧಕ್ಕೆ ಎಳೆದಳು.

“ಭಾವ ಬರ್ಲಿ, ರತ್ನ. ಅಲ್ಲಿವರಿಗೆ ನಾನ್ ಇಲ್ಲೇ ಕೂಕಂತೆ,” ಎಂದ ಪ್ರೇಮಾನಂದ.

“ನೀನ್ ಇಪ್ಪಷ್ಟ್ ಹೊತ್ತ್ ಅವ್ರ್ ಬಪ್ಪುದಿಲ್ಲೆ, ಅಣ್ಣ.”