ಒಂಬತ್ತು ತಿಂಗಳ ಔಷಧಿ

ಸೌಂದರ್ಯಳ ಕೈಯಿಂದ ಮಗು ಜಾರಿ ಹಾಸಿಗೆಯ ಮೇಲೆ ಬಿತ್ತು. ಬಿದ್ದದ್ದು ಗೇಣೆತ್ತರದಿಂದ, ಅದೂ ಮೆತ್ತನೆಯ ಕೌದಿಯ ಮೇಲೆ. ಕೂಸು ಅಳಲೂ ಇಲ್ಲ. ಅತ್ತವಳು ಎರಡು ತಿಂಗಳ ಬಾಣಂತಿ. ಬೆರಳ ಗಂಟುಗಳೆಲ್ಲ ಬಾತುಕೊಂಡು, ಬೆಳಿಗ್ಗೆ ಎದ್ದರೆ ಹೆತ್ತ ಮಗುವನ್ನು ಎತ್ತಿಕೊಳ್ಳಲಿಕ್ಕೂ ಆಗುತ್ತಿರಲಿಲ್ಲ.

"ಹದಿನೈದನೇ ದಿನಕ್ಕೇ ತಣ್ಣೀರಿಗೆ ಕೈ ಹಾಕಿದ್ಯಲ್ಲ, ಈಗ ಅನುಭವಿಸು," ಎಂದರು ತಾಯಿ ಕಲ್ಲಮ್ಮ, ಮೊಮ್ಮಗಳನ್ನು ಎತ್ತಿಕೊಳ್ಳುತ್ತ.

"ಅಮ್ಮಾ, ಈ ನೋವು ಮದುವೆಗೆ ಮುಂಚಿನಿಂದ್ಲೂ ಇತ್ತು!"

"ಇತ್ತು. ಬಸುರಿಯಾಗಿದ್ದಾಗ ನನ್ನ ಕಷಾಯಕ್ಕೆ ಹೋಗಿತ್ತು. ನೀನೇ ಫ್ಯಾನ್ ಹಾಕ್ಕೊಂಡು ವಾಪಸ್ ಕರ್ಕೊಂಡ್ಬಂದೆ."

ಬಾಣಂತಿ ಎಂದರೆ ಊರಿಗೆಲ್ಲ ಸದರ. ಭದ್ರಾವತಿಯ ಆ ಓಣಿಯಲ್ಲಿ ಕೂಸು ನೋಡಲು ಬಂದವರೆಲ್ಲ ಒಂದೊಂದು ತೀರ್ಪು ಕೊಟ್ಟೇ ಹೋಗಿದ್ದರು: ಒಬ್ಬರಿಗೆ ಅವಳು ತಿಂದ ಮೊಸರು ತಪ್ಪು, ಇನ್ನೊಬ್ಬರಿಗೆ ಕಿವಿಗೆ ಹತ್ತಿ ಇಡದಿದ್ದದ್ದು. ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ಮಾತ್ರೆಯ ಹೆಸರೆತ್ತಿದರೆ ಸಾಕು, "ಹಾಲಿಗೆ ಇಳಿಯುತ್ತೆ, ಕೂಸಿಗಾಗಲ್ಲ" ಎಂದು ಕಲ್ಲಮ್ಮ ಅಡ್ಡ ನಿಲ್ಲುತ್ತಿದ್ದರು. ಆದರೆ ಇವತ್ತು ಮಗುವೇ ಕೈಜಾರಿತ್ತು. "ಡಾಕ್ಟರ್ ಬಾಯಿಂದ್ಲೇ ಕೇಳು ಬಾ," ಎಂದು ಹಟ ಹಿಡಿದು, ತಾಯಿಯನ್ನೂ ಮಗುವನ್ನೂ ಆಟೋಗೆ ಹತ್ತಿಸಿಕೊಂಡು ಶಿವಮೊಗ್ಗಕ್ಕೆ ಹೊರಟೇಬಿಟ್ಟಳು.

ರವೀಂದ್ರನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಶ್ರೀಗೌರಿ ಅವಳ ಬೆರಳುಗಳನ್ನು ಒತ್ತಿ ನೋಡಿ, ಕಲ್ಲಮ್ಮನ ಕಡೆ ತಿರುಗಿದರು.

"ನೋಡಿಯಮ್ಮ, ನಮ್ಮ ಮೈ ಕಾಯೋ ಕಣಗಳು ರಕ್ತದಲ್ಲಿ ಓಡಾಡ್ತಾ ಇರ್ತವೆ. ನಿಮ್ಮ ಮಗಳಿಗೆ ಅವು ದಾರಿ ತಪ್ಪಿ ಸ್ವಂತ ಕೀಲಿಗೇ ನುಗ್ಗೋ ಕಾಯಿಲೆ. ಬಸುರಿದ್ದಾಗ ಹಾರ್ಮೋನು ಏರುತ್ತೆ. ಹೊಟ್ಟೆಲಿರೋ ಮಗುವಿನ ಮೇಲೆ ಬೀಳದ ಹಾಗೆ ಆ ಕಣಗಳನ್ನ ಹದ್ದುಬಸ್ತಲ್ಲಿಡುತ್ತೆ. ಅದ್ರಿಂದ ಕೀಲಿಗೂ ಆರಾಮಾಗಿತ್ತು. ಹೆರಿಗೆ ಆದ್ಮೇಲೆ ಹಾರ್ಮೋನು ಇಳೀತು, ಅವು ಮತ್ತೆ ನುಗ್ಗಿದ್ವು. ಫ್ಯಾನಿಂದಲ್ಲ, ನೀರಿಂದಲ್ಲ. ಹಾಲು ಕುಡಿಸ್ತಾ ತಗೊಳ್ಳೋ ಮಾತ್ರೆಗಳೇ ಇದಾವೆ. ಈಗ ಬಿಟ್ರೆ ಬೆರಳು ಸೊಟ್ಟಗಾಗ್ತವೆ."

ಸೌಂದರ್ಯಳಿಗೆ ಹೋದ ಜೀವ ಬಂದಂತಾಯಿತು. ಎರಡು ತಿಂಗಳಲ್ಲಿ ತನ್ನದು ತಪ್ಪಿಲ್ಲ ಎಂದವರು ಇವರೊಬ್ಬರೇ. ಕಲ್ಲಮ್ಮನೂ ಮಗುವನ್ನು ತಟ್ಟುತ್ತ, ಒಂದೊಂದು ಮಾತಿಗೂ ತಲೆಯಾಡಿಸಿ ಕೇಳಿದರು.

"ಅಂದ್ರೆ, ಬಸುರಿದ್ದಷ್ಟು ದಿನ ನೋವು ಇರಲ್ಲ ಅಂತೀರಿ?"

"ತುಂಬಾ ಜನಕ್ಕೆ ಕಡಿಮೆ ಆಗುತ್ತೆ," ಎಂದರು ಡಾಕ್ಟರು, ಚೀಟಿ ಬರೆಯುತ್ತ.

ಕಲ್ಲಮ್ಮನ ಮುಖ ಅರಳಿತು. "ಕೇಳಿಸ್ತೇನೆ ಮಾರಾಯ್ತಿ? ಮಾತ್ರೆ ಗೀತ್ರೆ ಏನೂ ಬೇಡ. ಇನ್ನೊಂದು ಬಸುರು ಬೇಗ ನಿಂತುಬಿಟ್ರೆ ಆಯ್ತಪ್ಪ!"

ಡಾಕ್ಟರ ಪೆನ್ನು ಅಲ್ಲೇ ನಿಂತಿತು. ತನ್ನ ಈ ತಾಯಿಗೆ ದೊಡ್ಡದೊಂದು ನಮಸ್ಕಾರ ಹಾಕಿಬಿಡಬೇಕು ಎನಿಸಿ ಸೌಂದರ್ಯ ಎರಡೂ ಕೈ ಎತ್ತಿದಳು. ಎಷ್ಟು ಒತ್ತಿದರೂ ಅಂಗೈಗಳು ಒಂದಕ್ಕೊಂದು ಕೂಡಲಿಲ್ಲ.