ಮಿರುನಾ ಅತ್ತ ದಿನ

ಅಂಚೆಯವನು ಎಂದಿನಂತೆ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದ. ಎರಡು ವರ್ಷದ ಮಿರುನಾ ಕಿಟಾರನೆ ಕಿರುಚಿದಳು. ಜಾಮಿಗೆಂದು ಪ್ಲಮ್ ಹಣ್ಣಿನ ಬೀಜ ಬಿಡಿಸುತ್ತಿದ್ದ ಆಗ್ಲಾಯಾಳ ಕೈ ಅಲ್ಲೇ ನಿಂತಿತು.

ಬುಕಾರೆಸ್ಟಿನ ಅನಾಥ ಶಿಶುಗೃಹದಿಂದ ಅವಳು ಮಗುವನ್ನು ಸಾಕಲು ಈ ಹಳ್ಳಿಗೆ ತಂದು ಏಳು ತಿಂಗಳಾಗಿತ್ತು. ಬಿದ್ದು ಮಂಡಿ ತರಚಿದರೂ ಅದು ಅತ್ತಿರಲಿಲ್ಲ. ಯಾರು ಕರೆದರೂ ನಗುತ್ತಾ ಅವರ ತೋಳಿಗೆ ಹೋಗಿಬಿಡುತ್ತಿತ್ತು. 'ಎಂಥಾ ಒಳ್ಳೇ ಮಗು' ಎಂದು ಊರು ಹೊಗಳುತ್ತಿತ್ತು; ಆಗ್ಲಾಯಾಳಿಗೆ ಮಾತ್ರ ಅದು ಹೊಗಳಿಕೆ ಎನಿಸುತ್ತಿರಲಿಲ್ಲ. ಮಗುವಿಗೆ ಅಂಚೆಯವನೂ ಒಂದೇ, ತಾನೂ ಒಂದೇ.

"ದೃಷ್ಟಿ ತಾಗಿದೆ ಕಣೆ," ಎಂದಳು ಪಕ್ಕದ ಮನೆಯ ಮುದುಕಿ ಸಾಫ್ತಾ. "ಇವನ ನೀಲಿ ಕಣ್ಣು ನೋಡು. ನಿನ್ನೆವರೆಗೂ ಚಿನ್ನದಂಥ ಮಗು."

"ನಿನ್ನೇನೂ ಇದೇ ಕಣ್ಣಿತ್ತಲ್ಲ ಅಜ್ಜಿ," ಎಂದು ಅಂಚೆಯವನು ಪೆಚ್ಚಾಗಿ ಹಿಂದೆ ಸರಿದ.

ಮಿರುನಾ ಅಳುತ್ತಲೇ ಓಡಿಬಂದು ಆಗ್ಲಾಯಾಳ ಲಂಗದಲ್ಲಿ ಮುಖ ಹುದುಗಿಸಿದಳು. ಎರಡೂ ಮುಷ್ಟಿಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಸಾಫ್ತಾ ದೃಷ್ಟಿ ತೆಗೆಯಲೆಂದು ಬೆಂಕಿಕಡ್ಡಿ ಗೀರಿ, ಉರಿದ ಕಡ್ಡಿಗಳನ್ನು ಲೋಟದ ನೀರಿಗೆ ಹಾಕಿ ಮಂತ್ರ ಗೊಣಗುತ್ತಾ, ಆ ನೀರನ್ನು ಮಗುವಿನ ಹಣೆಗೆ ಹಚ್ಚಲು ಬಂದಳು.

ಆಗ್ಲಾಯಾ ಲೋಟ ಕಸಿದು ನೀರನ್ನು ಅಂಗಳಕ್ಕೆ ಚೆಲ್ಲಿಬಿಟ್ಟಳು.

"ತೆಗೀಬೇಡಿ ಅಜ್ಜಿ. ಇದಕ್ಕೇ ಏಳು ತಿಂಗಳಿಂದ ಕಾದಿದ್ದೀನಿ."